ದೂರದ ಸವಾರಿಗೆ ಟೂರಿಂಗ್ ಮೋಟಾರ್‌ಸೈಕಲ್: ಪರಿಕರಗಳನ್ನು ಆರಿಸುವ ಬಗೆ

ಟೂರಿಂಗ್ ಮೋಟಾರ್‌ಸೈಕಲ್‌ಗೆ ಸಿಗುವ ಪರಿಕರಗಳಿಗೆ ಲೆಕ್ಕವಿಲ್ಲ. ಅವುಗಳ ಪಟ್ಟಿಯನ್ನು ಮುಂದಿಟ್ಟುಕೊಂಡು ಬೇಕು-ಬೇಡಗಳನ್ನು ಗುರುತಿಸುತ್ತ ಹೋಗುವುದಕ್ಕಿಂತ, ಸವಾರಿ ಶುರುವಾದ ಎಷ್ಟು ಹೊತ್ತಿಗೆ ದೇಹದ ಯಾವ ಭಾಗ ನೋಯತೊಡಗುತ್ತದೆ ಎಂಬುದನ್ನು ಬರೆದಿಟ್ಟುಕೊಳ್ಳುವುದು ಹೆಚ್ಚು ಪ್ರಯೋಜನಕಾರಿ. ನೋವು ಕಾಣಿಸಿಕೊಳ್ಳುವ ಜಾಗವೂ ಅದರ ಮೂಲವೂ ಹಲವು ಸಲ ಬೇರೆ ಬೇರೆಯಾಗಿರುವುದೇ ಇಲ್ಲಿನ ಮುಖ್ಯ ತೊಡಕು. ಮುಂದಕ್ಕೆ ಇಳಿಜಾರಾಗಿರುವ ಸೀಟು ಸವಾರರನ್ನು ಟ್ಯಾಂಕಿನ ಕಡೆಗೆ ಜಾರಿಸುತ್ತದೆ. ಜಾರದಿರಲೆಂದು ಅವರು ಹ್ಯಾಂಡಲ್‌ಬಾರನ್ನು ಒತ್ತಿ ಹಿಡಿಯುತ್ತಾರೆ. ಸಂಜೆಯ ಹೊತ್ತಿಗೆ ಮಣಿಕಟ್ಟು ನೋಯುತ್ತದೆ, ಮರುದಿನ ಅವರು ಮೆತ್ತನೆಯ ಹೊಸ ಗ್ರಿಪ್ ಕೊಳ್ಳುತ್ತಾರೆ. ಗ್ರಿಪ್ ಎಷ್ಟೇ ಒಳ್ಳೆಯದಿದ್ದರೂ ನೋವು ಹೋಗುವುದಿಲ್ಲ. ಹಾಗೆಯೇ ಕತ್ತಿನ ನೋವಿಗೆ ವಿಂಡ್‌ಸ್ಕ್ರೀನಿನ ಅಂಚು, ಬಾಲಮೂಳೆಯ ನೋವಿಗೆ ಬಿಗಿಯಾಗಿರುವ ಹಿಂದಿನ ಸಸ್ಪೆನ್ಷನ್, ಮಂಡಿಯ ನೋವಿಗೆ ತಗ್ಗಾದ ಸೀಟು ಕಾರಣವಾಗಿರಬಹುದು.

ಸವಾರಿಯ ಭಂಗಿಯನ್ನು ನಿರ್ಧರಿಸುವುದು ಸೀಟು, ಹ್ಯಾಂಡಲ್‌ಬಾರ್ ಮತ್ತು ಫುಟ್‌ಪೆಗ್ (ಪಾದ ಊರುವ ಕಡ್ಡಿ) ಎಂಬ ಮೂರು ಬಿಂದುಗಳ ನಡುವಿನ ಅಂತರ. ಒಂದನ್ನು ಸರಿಸಿದರೆ ಉಳಿದೆರಡರ ಜೊತೆಗಿನ ಅದರ ಸಂಬಂಧವೂ ಬದಲಾಗುತ್ತದೆ. ಆದ್ದರಿಂದ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಅದನ್ನು ಕನಿಷ್ಠ ಎರಡು ಗಂಟೆಗಳ ಸವಾರಿಯಲ್ಲಿ ಪರೀಕ್ಷಿಸಿ, ನಂತರವೇ ಮುಂದಿನದಕ್ಕೆ ಹೋಗಬೇಕು. ಸೀಟು, ರೈಸರ್ (ಹ್ಯಾಂಡಲನ್ನು ಎತ್ತರಿಸುವ ಬಿಡಿಭಾಗ), ವಿಂಡ್‌ಸ್ಕ್ರೀನ್ ಮೂರನ್ನೂ ಒಟ್ಟಿಗೆ ಹಾಕಿಸಿಕೊಂಡವರಿಗೆ ಯಾವುದು ಉಪಕಾರ ಮಾಡಿತು, ಯಾವುದು ಹೊಸ ತೊಂದರೆ ತಂದಿತು ಎಂಬುದು ತಿಳಿಯುವ ದಾರಿಯೇ ಇರುವುದಿಲ್ಲ.

ಕೊಳ್ಳುವ ಮೊದಲು ಹೊಂದಿಸಿ

ವಾಹನದಲ್ಲಿ ಈಗಾಗಲೇ ಇರುವ ಹೊಂದಾಣಿಕೆಗಳನ್ನು ಪೂರ್ತಿಯಾಗಿ ಬಳಸಿಕೊಳ್ಳದೆ ಏನನ್ನೂ ಕೊಳ್ಳಬಾರದು. ಕ್ಲಚ್ ಮತ್ತು ಬ್ರೇಕ್ ಲಿವರುಗಳನ್ನು ಸಡಿಲಿಸಿ ತಿರುಗಿಸಬಹುದು. ಸವಾರರು ಸಹಜವಾಗಿ ಕುಳಿತಾಗ ಮೊಣಕೈಯಿಂದ ಬೆರಳಿನ ತುದಿಯವರೆಗೆ ಮಣಿಕಟ್ಟು ಮಡಿಯದೆ ಒಂದೇ ರೇಖೆಯಲ್ಲಿ ಬರುವಂತೆ ಅವು ಇರಬೇಕು. ಬಹುಪಾಲು ಹ್ಯಾಂಡಲ್‌ಬಾರುಗಳನ್ನು ಕ್ಲಾಂಪಿನೊಳಗೆ ಕೊಂಚ ಹಿಂದಕ್ಕೋ ಮುಂದಕ್ಕೋ ಉರುಳಿಸಲು ಸಾಧ್ಯವಿದೆ, ಮತ್ತು ಆ ಅಲ್ಪ ವ್ಯತ್ಯಾಸವೇ ಭುಜಗಳ ಬಿಗಿತವನ್ನು ಕಡಿಮೆ ಮಾಡುವುದುಂಟು. ಗೇರ್ ಲಿವರ್ ಮತ್ತು ಹಿಂದಿನ ಬ್ರೇಕ್ ಪೆಡಲಿನ ಎತ್ತರವನ್ನು ತಾವು ಧರಿಸುವ ಬೂಟಿಗೆ ತಕ್ಕಂತೆ ಹೊಂದಿಸಬೇಕು.

ಸಸ್ಪೆನ್ಷನ್ನಿನ ಪ್ರಿಲೋಡ್ ಅನ್ನು, ಅಂದರೆ ಅದರ ಸ್ಪ್ರಿಂಗನ್ನು ಮೊದಲೇ ಎಷ್ಟು ಒತ್ತಿಟ್ಟಿದೆ ಎಂಬ ಹೊಂದಾಣಿಕೆಯನ್ನು, ಕಡೆಗಣಿಸುವವರೇ ಹೆಚ್ಚು. ಹಿಂದಿನ ಚಕ್ರ ನೆಲದಿಂದ ಮೇಲೆ ತೂಗುತ್ತಿರುವಾಗ ಆಕ್ಸಲ್‌ನಿಂದ ಬಾಡಿಯ ಒಂದು ನಿಶ್ಚಿತ ಬಿಂದುವಿನವರೆಗಿನ ದೂರವನ್ನು ಅಳೆಯಿರಿ. ನಂತರ ಪೂರ್ಣ ಉಡುಪು ಧರಿಸಿ, ಸಾಮಾನು ಹೇರಿ, ಸೀಟಿನ ಮೇಲೆ ಕುಳಿತು ಅದೇ ದೂರವನ್ನು ಇನ್ನೊಬ್ಬರಿಂದ ಅಳೆಯಿಸಿ. ಎರಡರ ವ್ಯತ್ಯಾಸಕ್ಕೆ ಸ್ಯಾಗ್ ಎನ್ನುತ್ತಾರೆ. ರಸ್ತೆಯ ಸವಾರಿಗೆ ಅದು ಸಸ್ಪೆನ್ಷನ್ನಿನ ಒಟ್ಟು ಚಲನೆಯ ಸುಮಾರು ಮೂರನೇ ಒಂದರಷ್ಟಿರುವಂತೆ ಪ್ರಿಲೋಡ್ ಹೊಂದಿಸಬೇಕು. ಅದಕ್ಕಿಂತ ಬಹಳ ಕಡಿಮೆಯಿದ್ದರೆ ರಸ್ತೆಯ ಪ್ರತಿ ಉಬ್ಬೂ ನೇರವಾಗಿ ಬೆನ್ನುಮೂಳೆಗೆ ಬಡಿಯುತ್ತದೆ. ಬಹಳ ಹೆಚ್ಚಿದ್ದರೆ ದೊಡ್ಡ ಗುಂಡಿಗಳಲ್ಲಿ ಸಸ್ಪೆನ್ಷನ್ ತಳ ಮುಟ್ಟುತ್ತದೆ. ಟೈರಿನ ಗಾಳಿಯ ಒತ್ತಡವನ್ನೂ ಇದೇ ಹೊತ್ತಿಗೆ, ಟೈರು ತಣ್ಣಗಿರುವಾಗ, ತಯಾರಕರು ಹೇಳಿದ ಅಂಕಿಗೆ ತಂದುಕೊಳ್ಳಬೇಕು. ಇಷ್ಟು ಮಾಡಿದ ಮೇಲೂ ಉಳಿಯುವ ನೋವಿಗೆ ಮಾತ್ರ ಪರಿಕರ ಹುಡುಕಬೇಕು.

ಸೀಟು

ದೂರದ ಸವಾರಿಯಲ್ಲಿ ಅತಿ ಹೆಚ್ಚು ದೂರು ಕೇಳಿಬರುವುದು ಸೀಟಿನ ಬಗ್ಗೆ, ಅತಿ ಹೆಚ್ಚು ತಪ್ಪು ಆಯ್ಕೆ ನಡೆಯುವುದೂ ಅಲ್ಲಿಯೇ. ಅಂಗಡಿಯಲ್ಲಿ ಹೆಬ್ಬೆರಳಿನಿಂದ ಒತ್ತಿ ನೋಡಿದಾಗ ಮೆತ್ತಗೆನಿಸುವ ಸೀಟು ಒಂದು ಗಂಟೆಯ ನಂತರ ಹಲಗೆಯಾಗುತ್ತದೆ, ಏಕೆಂದರೆ ಮೃದುವಾದ ಫೋಮ್ ದೇಹದ ಭಾರಕ್ಕೆ ಪೂರ್ತಿ ಕುಸಿದು, ಸವಾರರು ಕೊನೆಗೆ ಅದರಡಿಯ ಗಟ್ಟಿ ತಳದ ಮೇಲೆಯೇ ಕುಳಿತಂತಾಗುತ್ತದೆ. ಕುಳಿತಾಗ ಭಾರ ಹೊರಬೇಕಾದವು ಸೊಂಟದ ಕೆಳಭಾಗದ ಎರಡು ಕೂರುಮೂಳೆಗಳು. ಅವೆರಡಕ್ಕೂ ಸಾಕಷ್ಟು ಅಗಲವಾದ, ದಟ್ಟವಾದ ಫೋಮಿನ ಆಧಾರ ಸಿಕ್ಕರೆ ಒತ್ತಡ ಹಂಚಿಹೋಗುತ್ತದೆ. ಸೀಟು ಕಿರಿದಾಗಿದ್ದರೆ ಭಾರವೆಲ್ಲ ಅವುಗಳ ನಡುವಿನ ಮೃದು ಭಾಗದ ಮೇಲೆ ಬಿದ್ದು ಜೋಮು ಹಿಡಿಯುತ್ತದೆ. ಆದ್ದರಿಂದ ಸೀಟು ನೋಡುವಾಗ ಮೃದುತ್ವವನ್ನು ಕೊನೆಗಿಟ್ಟು, ಹಿಂಭಾಗದ ಅಗಲ, ಫೋಮಿನ ದಟ್ಟಣೆ, ಇಳಿಜಾರು ಎಂಬ ಕ್ರಮದಲ್ಲಿ ಪರಿಶೀಲಿಸುವುದು ಒಳ್ಳೆಯದು. ತೊಡೆಯ ಬಳಿ ಸೀಟು ಕಿರಿದಾಗುತ್ತ ಬರಬೇಕು, ಇಲ್ಲದಿದ್ದರೆ ಅದರ ಅಂಚು ಒಳತೊಡೆಯನ್ನು ಕೊರೆಯುವುದಲ್ಲದೆ ನಿಂತಾಗ ಕಾಲು ನೆಲಕ್ಕೆ ಸರಿಯಾಗಿ ಎಟುಕುವುದಿಲ್ಲ.

ಆಳವಾದ ಬಟ್ಟಲಿನಂಥ ಸೀಟುಗಳು ನೋಡಲು ಆಕರ್ಷಕವಾಗಿರುತ್ತವೆ ಮತ್ತು ಮೊದಲ ಅರ್ಧ ಗಂಟೆ ಹಿತವಾಗಿಯೂ ಇರುತ್ತವೆ. ಆದರೆ ಅವು ಸವಾರರನ್ನು ಒಂದೇ ಜಾಗದಲ್ಲಿ ಕಟ್ಟಿಹಾಕುತ್ತವೆ. ದಿನವಿಡೀ ಕೂರಬೇಕಾದವರಿಗೆ ಆಗಾಗ ಸ್ವಲ್ಪ ಹಿಂದಕ್ಕೆ, ಸ್ವಲ್ಪ ಮುಂದಕ್ಕೆ ಸರಿಯುವ ಅವಕಾಶಕ್ಕಿಂತ ದೊಡ್ಡ ಸೌಕರ್ಯ ಬೇರೆಯಿಲ್ಲ. ಹಾಗಾಗಿ ತಕ್ಕಮಟ್ಟಿಗೆ ಸಮತಟ್ಟಾದ, ಸರಿದಾಡಲು ಜಾಗವಿರುವ ಸೀಟನ್ನೇ ನಾನು ಶಿಫಾರಸು ಮಾಡುತ್ತೇನೆ.

ಹೊಸ ಸೀಟಿನ ಬದಲು ಈಗಿರುವ ಸೀಟಿನ ಮೇಲೆ ಹಾಸುವ ಪದರಗಳೂ ಇವೆ. ಗಾಳಿ ತುಂಬುವ ಕುಶನ್ ಒತ್ತಡ ಹಂಚುವುದರಲ್ಲಿ ಉತ್ತಮ, ಆದರೆ ಅದನ್ನು ಬಿಗಿಯಾಗಿ ಊದಿದರೆ ಚೆಂಡಿನ ಮೇಲೆ ಕುಳಿತಂತೆ ದೇಹ ಓಲಾಡುತ್ತದೆ. ಅದರ ಮೇಲೆ ಕುಳಿತು, ಮೂಳೆ ಸೀಟಿಗೆ ತಾಗದಿರಲು ಬೇಕಾದಷ್ಟು ಮಾತ್ರ ಗಾಳಿ ಉಳಿಯುವವರೆಗೆ ವಾಲ್ವಿನಿಂದ ಗಾಳಿ ಬಿಡುತ್ತ ಬರಬೇಕು. ಕುಶನ್ ಅರ್ಧ ಖಾಲಿಯಾದಂತೆ ಕಂಡರೆ ಅದು ಸರಿಯಾಗಿದೆ ಎಂದರ್ಥ. ಎತ್ತರದ ಪ್ರದೇಶಗಳಿಗೆ ಏರುವಾಗ ಹೊರಗಿನ ವಾಯುಭಾರ ಇಳಿದು ಕುಶನ್ ತಾನಾಗಿಯೇ ಬಿಗಿಯಾಗುವುದರಿಂದ ದಾರಿಯಲ್ಲೊಮ್ಮೆ ಮತ್ತೆ ಹೊಂದಿಸಬೇಕಾಗುತ್ತದೆ. ಜೆಲ್ ಪ್ಯಾಡ್ ಸಣ್ಣ ಕಂಪನವನ್ನು ನುಂಗುತ್ತದೆಯಾದರೂ ಬಿಸಿಲಲ್ಲಿ ನಿಂತ ವಾಹನದ ಮೇಲೆ ಅದು ಕಾದು, ಆ ಶಾಖವನ್ನು ಬಹಳ ಹೊತ್ತು ಹಿಡಿದಿಟ್ಟುಕೊಳ್ಳುತ್ತದೆ. ಬಿಸಿ ಹವೆಯಲ್ಲಿ ಸವಾರಿ ಮಾಡುವವರು ಅದನ್ನು ಕೊಳ್ಳುವ ಮೊದಲು ಎರಡು ಸಲ ಯೋಚಿಸಲಿ. ಬಿಸಿ ಮತ್ತು ಬೆವರೇ ಮುಖ್ಯ ತೊಂದರೆಯಾಗಿದ್ದರೆ ಗಾಳಿಯಾಡುವ ದಪ್ಪ ಜಾಲರಿ ಬಟ್ಟೆಯ ಹೊದಿಕೆ ಸಾಕು. ಅದು ಹಗುರ, ಮಳೆಯಲ್ಲಿ ನೆನೆದರೂ ಬೇಗ ಒಣಗುತ್ತದೆ. ಕುರಿಯುಣ್ಣೆಯ ಹೊದಿಕೆಯೂ ಗಾಳಿಯಾಡಲು ಬಿಡುತ್ತದೆ, ಆದರೆ ನೆನೆದರೆ ಒಣಗುವುದು ನಿಧಾನ. ಅಂದಹಾಗೆ, ಸೀಟಿನ ಮೇಲೆ ಹೊರಿಸಲಾಗುವ ಅಪವಾದದಲ್ಲಿ ಒಂದಷ್ಟು ಪಾಲು ಒಳಉಡುಪಿನ ದಪ್ಪ ಹೊಲಿಗೆಗೂ, ಬೆವರು ಹೀರಿ ಒದ್ದೆಯಾಗಿಯೇ ಉಳಿಯುವ ಹತ್ತಿಗೂ ಸಲ್ಲಬೇಕು.

ಸೀಟಿನ ಎತ್ತರ ಬದಲಾದರೆ ಮಂಡಿಯ ಕೋನವೂ ಬದಲಾಗುತ್ತದೆ ಎಂಬುದನ್ನು ಮರೆಯಬಾರದು. ಉದ್ದ ಕಾಲಿನವರಿಗೆ ಎರಡು-ಮೂರು ಸೆಂಟಿಮೀಟರ್ ಎತ್ತರದ ಸೀಟು ಮಂಡಿನೋವಿಗೂ ಪರಿಹಾರವಾಗಬಹುದು. ಆದರೆ ಅದೇ ಎತ್ತರ ತಲೆಯನ್ನು ವಿಂಡ್‌ಸ್ಕ್ರೀನಿನ ಆಶ್ರಯದಿಂದ ಹೊರಗೆ ತಳ್ಳಬಹುದು.

ಗಾಳಿ ಮತ್ತು ಸದ್ದು

ವಿಂಡ್‌ಸ್ಕ್ರೀನ್ ಎತ್ತರವಾದಷ್ಟೂ ಒಳ್ಳೆಯದು ಎಂಬ ನಂಬಿಕೆ ಸರಿಯಲ್ಲ. ಸವಾರರನ್ನು ದಣಿಸುವುದು ಗಾಳಿಯ ವೇಗಕ್ಕಿಂತ ಹೆಚ್ಚಾಗಿ ಅದರ ಸುಳಿ. ವಿಂಡ್‌ಸ್ಕ್ರೀನಿನ ಹಿಂದೆ ಒತ್ತಡ ಕಡಿಮೆಯಾಗುವುದರಿಂದ ಅದರ ಅಂಚನ್ನು ದಾಟಿ ಬಂದ ಗಾಳಿ ಒಳಕ್ಕೆ ಸುರುಳಿಯಾಗಿ ತಿರುಗುತ್ತದೆ. ಆ ಸುಳಿ ಹೆಲ್ಮೆಟ್ಟಿಗೆ ಬಡಿದಾಗ ತಲೆ ಸಣ್ಣಗೆ ಅದುರುತ್ತಲೇ ಇರುತ್ತದೆ, ಕತ್ತಿನ ಸ್ನಾಯುಗಳು ಅದನ್ನು ತಡೆಯಲು ಗಂಟೆಗಟ್ಟಲೆ ದುಡಿಯುತ್ತವೆ. ಸುಳಿಯಿಲ್ಲದ ನೇರ ಗಾಳಿ ಎದೆಗೆ ಬಡಿದರೂ ಅದನ್ನು ತಾಳಿಕೊಳ್ಳುವುದು ಇದಕ್ಕಿಂತ ಸುಲಭ.

ಹೊಸ ವಿಂಡ್‌ಸ್ಕ್ರೀನ್ ಕೊಳ್ಳುವ ಮೊದಲು ಒಂದು ಸರಳ ಪರೀಕ್ಷೆ ಮಾಡಬೇಕು. ವಾಹನಸಂಚಾರವಿಲ್ಲದ ನೇರ ರಸ್ತೆಯಲ್ಲಿ ನಿಮ್ಮ ರೂಢಿಯ ವೇಗದಲ್ಲಿ ಹೋಗುತ್ತ, ಬೆನ್ನನ್ನು ನೆಟ್ಟಗೆ ಮಾಡಿ ತಲೆಯನ್ನು ಸ್ವಲ್ಪ ಮೇಲಕ್ಕೆತ್ತಿ. ಆಮೇಲೆ ನಿಧಾನವಾಗಿ ತಗ್ಗಿಸಿ. ತಲೆ ಎತ್ತಿದಾಗ ಸದ್ದು ಮತ್ತು ಅದುರಾಟ ಕಡಿಮೆಯಾದರೆ ನಿಮಗೆ ಬೇಕಾದದ್ದು ಇನ್ನೂ ಗಿಡ್ಡದಾದ ವಿಂಡ್‌ಸ್ಕ್ರೀನ್. ತಗ್ಗಿಸಿದಾಗ ಕಡಿಮೆಯಾದರೆ ಎತ್ತರದ್ದು ಅಥವಾ ಈಗಿರುವುದರ ಅಂಚಿಗೆ ಸಿಕ್ಕಿಸುವ, ಕೋನ ಬದಲಿಸಬಹುದಾದ ಸಣ್ಣ ಡಿಫ್ಲೆಕ್ಟರ್ (ಗಾಳಿಯ ದಿಕ್ಕು ತಿರುಗಿಸುವ ಫಲಕ). ಕಳಚಲು ಸಾಧ್ಯವಿರುವ ವಾಹನಗಳಲ್ಲಿ ವಿಂಡ್‌ಸ್ಕ್ರೀನ್ ತೆಗೆದು ಒಮ್ಮೆ ಓಡಿಸಿ ನೋಡುವುದು ಇನ್ನೂ ಹೆಚ್ಚು ಕಲಿಸುತ್ತದೆ. ವಿಂಡ್‌ಸ್ಕ್ರೀನ್ ಮತ್ತು ಹೆಡ್‌ಲೈಟಿನ ನಡುವೆ ತೆರಪಿದ್ದು, ಕೆಳಗಿನಿಂದ ಸ್ವಲ್ಪ ಗಾಳಿ ಒಳಬರುವಂತಿದ್ದರೆ ಹಿಂದಿನ ಒತ್ತಡದ ಕೊರತೆ ತುಂಬಿ ಸುಳಿ ದುರ್ಬಲವಾಗುತ್ತದೆ. ವಾಷರ್ ಇಟ್ಟು ವಿಂಡ್‌ಸ್ಕ್ರೀನನ್ನು ಕೆಲವು ಮಿಲಿಮೀಟರ್ ಮುಂದಕ್ಕೆ ತಂದು ಈ ಲಾಭವನ್ನು ಪಡೆಯುವವರಿದ್ದಾರೆ.

ಎತ್ತರ ಎಷ್ಟೇ ಇರಲಿ, ರಸ್ತೆಯನ್ನು ನೀವು ವಿಂಡ್‌ಸ್ಕ್ರೀನಿನ ಮೇಲಂಚಿನ ಮೇಲಿನಿಂದ ನೋಡುವಂತಿರಬೇಕು. ಗೀರು ಬಿದ್ದ, ಹುಳು ಅಂಟಿದ ಪ್ಲಾಸ್ಟಿಕ್ಕಿನ ಮೂಲಕ ರಾತ್ರಿ ಮಳೆಯಲ್ಲಿ ಎದುರಿನ ವಾಹನಗಳ ಬೆಳಕನ್ನು ಎದುರಿಸುವುದು ಅಪಾಯಕಾರಿ. ಪಾಲಿಕಾರ್ಬೊನೇಟ್ ವಿಂಡ್‌ಸ್ಕ್ರೀನನ್ನು ಪೆಟ್ರೋಲಿನಿಂದಲೋ ಅಮೋನಿಯಾ ಇರುವ ಗಾಜಿನ ಕ್ಲೀನರಿನಿಂದಲೋ ಒರೆಸಿದರೆ ಅದು ಮಬ್ಬಾಗಿ ಬಿರುಕು ಬಿಡುತ್ತದೆ. ಒದ್ದೆ ಬಟ್ಟೆ ಹೊದಿಸಿ ಕೊಳೆಯನ್ನು ನೆನೆಸಿ, ಸಾಬೂನು ನೀರಿನಿಂದ ತೊಳೆದರೆ ಸಾಕು.

ಗಾಳಿಯ ಸದ್ದು ಕಿವಿಗಷ್ಟೇ ಅಲ್ಲ, ಒಟ್ಟು ದಣಿವಿಗೂ ಕಾರಣ. ಹೆದ್ದಾರಿಯ ವೇಗದಲ್ಲಿ ಹೆಲ್ಮೆಟ್ಟಿನೊಳಗಿನ ಸದ್ದು 90 ಡೆಸಿಬೆಲ್ ದಾಟುವುದು ಸಾಮಾನ್ಯ, 100ರ ಆಸುಪಾಸಿಗೂ ಹೋಗುತ್ತದೆ. ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯದ ರಾಷ್ಟ್ರೀಯ ಸಂಸ್ಥೆ 85 ಡೆಸಿಬೆಲ್ ಸದ್ದಿಗೆ ದಿನಕ್ಕೆ 8 ಗಂಟೆಗಳ ಮಿತಿಯನ್ನು ಸೂಚಿಸಿದ್ದು, ಪ್ರತಿ 3 ಡೆಸಿಬೆಲ್ ಏರಿಕೆಗೆ ಆ ಅವಧಿಯನ್ನು ಅರ್ಧಕ್ಕಿಳಿಸುತ್ತದೆ. ಆ ಲೆಕ್ಕದಲ್ಲಿ 100 ಡೆಸಿಬೆಲ್ ಸದ್ದನ್ನು ಕಿವಿ ತಾಳಬಹುದಾದದ್ದು 15 ನಿಮಿಷ ಮಾತ್ರ. ಹೀಗಿರುವಾಗ ದೂರದ ಸವಾರರು ಕೊಳ್ಳಬಹುದಾದ ವಸ್ತುಗಳಲ್ಲಿ ಕೊಟ್ಟ ಹಣಕ್ಕೆ ಅತಿ ಹೆಚ್ಚು ಸುಖ ಕೊಡುವುದು ಇಯರ್‌ಪ್ಲಗ್ ಎಂದು ಹೇಳಲು ನನಗೆ ಸಂಕೋಚವಿಲ್ಲ. ಫೋಮಿನ ಪ್ಲಗ್ ಅನ್ನು ಬೆರಳುಗಳ ನಡುವೆ ತೆಳ್ಳಗೆ ಹೊಸೆದು, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೆಳೆದು ಒಳಗಿಟ್ಟು, ಅದು ಹಿಗ್ಗುವವರೆಗೆ ಅರ್ಧ ನಿಮಿಷ ಒತ್ತಿ ಹಿಡಿಯಬೇಕು. ಕೆಲವು ಕಡೆ ಎರಡೂ ಕಿವಿ ಮುಚ್ಚಿಕೊಂಡು ವಾಹನ ಓಡಿಸುವುದಕ್ಕೆ ಕಾನೂನಿನ ನಿರ್ಬಂಧವಿರುವುದರಿಂದ ನೀವು ಹೋಗುವ ಪ್ರದೇಶದ ನಿಯಮವನ್ನು ಮೊದಲೇ ತಿಳಿದುಕೊಳ್ಳಿ.

ಕೈ, ಭುಜ, ಬೆನ್ನು

ಹ್ಯಾಂಡಲ್‌ಬಾರ್ ರೈಸರ್ ಹ್ಯಾಂಡಲನ್ನು ಮೇಲಕ್ಕೂ, ಕೆಲವು ವಿನ್ಯಾಸಗಳಲ್ಲಿ ಹಿಂದಕ್ಕೂ ತರುತ್ತದೆ. ಮುಂದಕ್ಕೆ ಬಾಗಿ ಕೈಗಳ ಮೇಲೆ ಭಾರ ಹೇರುತ್ತಿರುವವರಿಗೆ 20ರಿಂದ 30 ಮಿಲಿಮೀಟರಿನ ಬದಲಾವಣೆಯೇ ದೊಡ್ಡದು. ಅದಕ್ಕಿಂತ ಹೆಚ್ಚಿಸುವ ಮೊದಲು ಎರಡು ವಿಷಯಗಳನ್ನು ಗಮನಿಸಬೇಕು. ಮೊದಲನೆಯದಾಗಿ, ಪೂರ್ತಿ ನೆಟ್ಟಗೆ ಕುಳಿತಾಗ ರಸ್ತೆಯ ಆಘಾತವೆಲ್ಲ ಬೆನ್ನುಮೂಳೆಯನ್ನು ನೇರವಾಗಿ ಏರುತ್ತದೆ ಮತ್ತು ಗಾಳಿ ಎದೆಯನ್ನು ಹಿಂದಕ್ಕೆ ತಳ್ಳುತ್ತದೆ. ಸೊಂಟದಿಂದ ಕೊಂಚ ಮುಂದಕ್ಕೆ ಬಾಗಿದ, ಮೊಣಕೈ ಸಡಿಲವಾಗಿರುವ ಭಂಗಿಯೇ ದಿನವಿಡೀ ತಾಳಿಕೆ ಬರುವಂಥದ್ದು. ಎರಡನೆಯದಾಗಿ, ಕ್ಲಚ್ ಕೇಬಲ್, ಆಕ್ಸಿಲರೇಟರ್ ಕೇಬಲ್, ಬ್ರೇಕ್ ಹೋಸ್ ಮತ್ತು ವೈರುಗಳ ಉದ್ದ ಸೀಮಿತ. ರೈಸರ್ ಹಾಕಿದ ಮೇಲೆ ಎಂಜಿನ್ ಚಾಲೂ ಇಟ್ಟು, ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡಲನ್ನು ಎರಡೂ ಕೊನೆಗಳವರೆಗೆ ತಿರುಗಿಸಿ ನೋಡಬೇಕು. ಆಗ ಎಂಜಿನ್ನಿನ ವೇಗ ತಾನಾಗಿ ಏರಿದರೆ ಕೇಬಲ್ ಎಳೆಯುತ್ತಿದೆ ಎಂದರ್ಥ. ಅಂಥ ಸ್ಥಿತಿಯಲ್ಲಿ ವಾಹನವನ್ನು ರಸ್ತೆಗಿಳಿಸಲೇಬಾರದು.

ಕೈಬೆರಳುಗಳಿಗೆ ಜೋಮು ಹಿಡಿಯುತ್ತಿದ್ದರೆ ಮೊದಲು ಚಕ್ರದ ಬ್ಯಾಲೆನ್ಸ್, ಚೈನಿನ ಬಿಗಿತ, ಎಂಜಿನ್ ಮೌಂಟಿನ ಬೋಲ್ಟುಗಳನ್ನು ಪರೀಕ್ಷಿಸಿ. ಅವೆಲ್ಲ ಸರಿಯಿದ್ದೂ ಕಂಪನ ಉಳಿದರೆ ಹ್ಯಾಂಡಲಿನ ತುದಿಗೆ ಹೆಚ್ಚು ತೂಕದ ಬಾರ್-ಎಂಡ್ ಹಾಕಬಹುದು. ಅದು ಕಂಪನವನ್ನು ಅಳಿಸುವುದಿಲ್ಲ. ಹ್ಯಾಂಡಲ್ ಅತಿ ಹೆಚ್ಚು ಅದುರುವ ಎಂಜಿನ್ ವೇಗವನ್ನು ನೀವು ಸಾಮಾನ್ಯವಾಗಿ ಓಡಿಸುವ ವೇಗದಿಂದ ಆಚೆಗೆ ಸರಿಸುತ್ತದೆ. ಆದ್ದರಿಂದ ಒಬ್ಬರಿಗೆ ಒಗ್ಗಿದ ತೂಕ ಇನ್ನೊಬ್ಬರಿಗೆ ಒಗ್ಗದಿರಬಹುದು. ಫೋಮ್ ಗ್ರಿಪ್ ಹಿತವೆನಿಸಿದರೂ ಹಿಡಿತದ ದಪ್ಪ ಹೆಚ್ಚಿಸುತ್ತದೆ, ಸಣ್ಣ ಕೈಯವರಿಗೆ ಅದೇ ಹೊಸ ದಣಿವು.

ಅಂಗೈಯಿಂದ ಒತ್ತಿ ಆಕ್ಸಿಲರೇಟರನ್ನು ಹಿಡಿದಿಡುವ ಪ್ಲಾಸ್ಟಿಕ್ ಪಟ್ಟಿ ನೇರ ಹೆದ್ದಾರಿಯಲ್ಲಿ ಬಲಗೈಗೆ ನಿಜವಾಗಿಯೂ ಬಿಡುವು ಕೊಡುತ್ತದೆ. ಊರಿನ ಸಂಚಾರದೊಳಗೆ ಬಂದಾಗ ಅದನ್ನು ಪಕ್ಕಕ್ಕೆ ತಿರುಗಿಸಿಡಬೇಕು, ಏಕೆಂದರೆ ಬ್ರೇಕಿಗೆ ಕೈಚಾಚುವಾಗ ಅಂಗೈ ತಾಗಿ ವೇಗ ಹೆಚ್ಚುವ ಸಾಧ್ಯತೆಯಿದೆ. ಚಳಿಯಲ್ಲಿ ಹ್ಯಾಂಡ್‌ಗಾರ್ಡುಗಳು ಗಾಳಿಯನ್ನು ತಡೆದು ಅರ್ಧ ಕೆಲಸ ಮಾಡುತ್ತವೆ. ಬಿಸಿ ಗ್ರಿಪ್ಪುಗಳು ಉಳಿದರ್ಧಕ್ಕೆ.

ಕಾಲುಗಳಿಗೆ ಹೆಚ್ಚು ಹೇಳಬೇಕಾದ್ದಿಲ್ಲ. ತಗ್ಗಿಸಿದ ಫುಟ್‌ಪೆಗ್ ಮಂಡಿಯನ್ನು ಬಿಡಿಸುತ್ತದೆ, ಆದರೆ ತಿರುವಿನಲ್ಲಿ ವಾಲುವಾಗ ಅದು ಬೇಗ ನೆಲ ತಾಗುತ್ತದೆ. ಕ್ರ್ಯಾಶ್ ಗಾರ್ಡಿಗೆ ಜೋಡಿಸುವ ಹೈವೇ ಪೆಗ್ ಕಾಲು ಚಾಚಲು ಅನುಕೂಲವಾದರೂ ಅಲ್ಲಿಂದ ಹಿಂದಿನ ಬ್ರೇಕಿಗೆ ಪಾದ ಮರಳಲು ಹೊತ್ತು ಹಿಡಿಯುತ್ತದೆ. ಮುಂದೆ ಖಾಲಿ ರಸ್ತೆ ಕಾಣುವಾಗ ಕೆಲವು ನಿಮಿಷ ಬಳಸುವುದಕ್ಕಷ್ಟೇ ಅದು ಸರಿ.

ಸಾಮಾನು

ಸಾಮಾನಿನ ಚೀಲ-ಪೆಟ್ಟಿಗೆಗಳನ್ನು ಸೌಕರ್ಯದ ಪರಿಕರಗಳೆಂದು ಎಣಿಸುವವರು ಕಡಿಮೆ. ಆದರೆ ಬೆನ್ನಿಗೆ ಹಾಕಿಕೊಂಡ ಚೀಲ ಭುಜದ ಮೇಲೂ ಕೂರುಮೂಳೆಗಳ ಮೇಲೂ ದಿನವಿಡೀ ಕೂತಿರುತ್ತದೆ. ಅದನ್ನು ವಾಹನಕ್ಕೆ ವರ್ಗಾಯಿಸಿದ ದಿನವೇ ಅನೇಕರ ಭುಜನೋವು ಮಾಯವಾಗುತ್ತದೆ. ಬೆನ್ನಿನ ಮೇಲೆ ಏನಾದರೂ ಇರಬೇಕಾದರೆ ಕುಡಿಯುವ ನೀರಿನ ಚೀಲವೊಂದೇ ಇರಲಿ, ಏಕೆಂದರೆ ನಳಿಕೆಯಿಂದ ಆಗಾಗ ಗುಟುಕರಿಸುವವರು ನಿಲ್ಲುವವರೆಗೆ ಕಾಯುವವರಿಗಿಂತ ಕಡಿಮೆ ದಣಿಯುತ್ತಾರೆ.

ಭಾರವಾದ ವಸ್ತುಗಳು ತಗ್ಗಿನಲ್ಲಿ, ವಾಹನದ ನಡುಭಾಗಕ್ಕೆ ಹತ್ತಿರದಲ್ಲಿ, ಎರಡು ಬದಿಗೂ ಸಮನಾಗಿ ಇರಬೇಕು. ವಾಹನದ ಎರಡೂ ಬದಿಗೆ ಜೋಡಿಸುವ ಪ್ಯಾನಿಯರುಗಳು ಈ ಕೆಲಸಕ್ಕೆ ಹೇಳಿ ಮಾಡಿಸಿದಂಥವು. ಟಾಪ್‌ಬಾಕ್ಸ್ ಬಳಸಲು ಎಲ್ಲಕ್ಕಿಂತ ಸುಲಭ, ಆದ್ದರಿಂದಲೇ ಎಲ್ಲಕ್ಕಿಂತ ಹೆಚ್ಚು ದುರ್ಬಳಕೆಯಾಗುತ್ತದೆ: ಹಿಂದಿನ ಆಕ್ಸಲ್‌ಗಿಂತ ಹಿಂದೆ, ಎತ್ತರದಲ್ಲಿರುವ ಭಾರ ಮುಂದಿನ ಚಕ್ರವನ್ನು ಹಗುರಗೊಳಿಸಿ, ವೇಗದಲ್ಲಿ ಹ್ಯಾಂಡಲ್ ತೂಗಾಡುವಂತೆ ಮಾಡುತ್ತದೆ. ಅದರ ಮೇಲೆ ಬರೆದಿರುವ ತೂಕದ ಮಿತಿ ಕೆಲವೇ ಕಿಲೋಗ್ರಾಂ ಇದ್ದರೆ ಅಚ್ಚರಿಪಡಬೇಡಿ, ಅದನ್ನು ಪಾಲಿಸಿ. ಮಳೆಯಂಗಿ, ಕೈಗವಸಿನಂಥ ಹಗುರವಾದ, ಬೇಗ ಕೈಗೆ ಸಿಗಬೇಕಾದ ವಸ್ತುಗಳಿಗೆ ಅದು ಮೀಸಲಿರಲಿ. ಸವಾರರು, ಹಿಂಬದಿ ಸವಾರರು, ಪೆಟ್ಟಿಗೆ, ಅದರ ಫ್ರೇಮ್, ಒಳಗಿನ ಸಾಮಾನು ಎಲ್ಲವನ್ನೂ ಕೂಡಿಸಿದ ತೂಕ ವಾಹನದ ಕೈಪಿಡಿಯಲ್ಲಿ ಹೇಳಿದ ಮಿತಿಯೊಳಗಿರಬೇಕು. ಲೋಹದ ಪೆಟ್ಟಿಗೆಗಳು ಖಾಲಿಯಿರುವಾಗಲೇ ಅದರಲ್ಲಿ ಗಣನೀಯ ಪಾಲನ್ನು ತಿಂದಿರುತ್ತವೆ.

ಗಟ್ಟಿ ಪೆಟ್ಟಿಗೆ ಬೀಗ ಹಾಕಲು, ಮಳೆಯಿಂದ ಕಾಪಾಡಲು ಒಳ್ಳೆಯದು. ಕಚ್ಚಾ ರಸ್ತೆಗಳಲ್ಲಿ ಹೆಚ್ಚು ಓಡಾಡುವವರಿಗೆ ಬಟ್ಟೆಯ ಚೀಲವೇ ಸುರಕ್ಷಿತ, ಏಕೆಂದರೆ ತೋಲ ತಪ್ಪಿ ಕಾಲೂರಿದಾಗ ಗಟ್ಟಿ ಪೆಟ್ಟಿಗೆಯ ಮುಂಬದಿ ಮೀನಖಂಡವನ್ನು ಅಮುಕುವ ಅಪಾಯವಿದೆ. ಬಟ್ಟೆಯ ಚೀಲ ಸೈಲೆನ್ಸರಿಗೆ ತಾಗದಂತೆ ಅಡ್ಡತಗಡು ಇರಲೇಬೇಕು. ಟ್ಯಾಂಕ್‌ಬ್ಯಾಗ್ ಕೊಳ್ಳುವಾಗ ಅದು ಮೀಟರುಗಳನ್ನು ಮರೆಮಾಡುವುದೇ, ಹ್ಯಾಂಡಲ್ ಪೂರ್ತಿ ತಿರುಗಿದಾಗ ಹಾರ್ನಿನ ಗುಂಡಿಯನ್ನು ಒತ್ತುವುದೇ ಎಂದು ನೋಡಬೇಕು. ಅಯಸ್ಕಾಂತದ ಬ್ಯಾಗುಗಳು ಅಲ್ಯೂಮಿನಿಯಂ ಅಥವಾ ಪ್ಲಾಸ್ಟಿಕ್ ಹೊದಿಕೆಯ ಟ್ಯಾಂಕಿಗೆ ಅಂಟುವುದಿಲ್ಲ.

ಹಿಂಬದಿ ಸವಾರರ ಸೌಕರ್ಯ ಬೇರೆಯೇ ಲೆಕ್ಕ. ಅವರಿಗೆ ರಸ್ತೆ ಕಾಣುವುದಿಲ್ಲ, ಬ್ರೇಕ್ ಯಾವಾಗ ಬೀಳುತ್ತದೆಂದು ತಿಳಿಯುವುದಿಲ್ಲ. ಅಗಲವಾದ ಸೀಟಿಗಿಂತಲೂ ಮೊದಲು ಅವರಿಗೆ ಬೇಕಾದದ್ದು ಬೆನ್ನಿಗೊಂದು ಆಸರೆ ಮತ್ತು ಕೈಗೆಟುಕುವ ಹಿಡಿಕೆ. ಟಾಪ್‌ಬಾಕ್ಸಿನ ಮುಂಬದಿಗೆ ಅಂಟಿಸಿದ ದಿಂಬು ಆಸರೆಯಾಗಬಹುದು, ಆದರೆ ಪೆಟ್ಟಿಗೆಯನ್ನು ಅದಕ್ಕಾಗಿ ಇನ್ನೂ ಹಿಂದಕ್ಕೆ ಸರಿಸುವುದು ತಪ್ಪು.

ವಿದ್ಯುತ್ ಪರಿಕರಗಳು

ಬಿಸಿ ಗ್ರಿಪ್, ಹೆಚ್ಚುವರಿ ದೀಪ, ಚಾರ್ಜರುಗಳನ್ನು ಸೇರಿಸುವ ಮೊದಲು ವಾಹನದ ಆಲ್ಟರ್ನೇಟರ್ ಎಷ್ಟು ವ್ಯಾಟ್ ಉತ್ಪಾದಿಸುತ್ತದೆ, ಅದರಲ್ಲಿ ವಾಹನಕ್ಕೇ ಎಷ್ಟು ಬೇಕು ಎಂಬುದನ್ನು ತಿಳಿದುಕೊಳ್ಳಬೇಕು. ಎಂಜಿನ್ ನಿಧಾನವಾಗಿ ತಿರುಗುವಾಗ ಉತ್ಪಾದನೆ ಇನ್ನೂ ಕಡಿಮೆ. 12 ವೋಲ್ಟ್ ವ್ಯವಸ್ಥೆಯಲ್ಲಿ 60 ವ್ಯಾಟಿನ ಉಪಕರಣ 5 ಆಂಪಿಯರ್ ಎಳೆಯುತ್ತದೆ. ಫ್ಯೂಸ್ ಅದಕ್ಕಿಂತ ತುಸು ಹೆಚ್ಚಿನ, ಆದರೆ ವೈರಿನ ಸಾಮರ್ಥ್ಯದೊಳಗಿನದಾಗಿದ್ದು ಬ್ಯಾಟರಿಯ ಹತ್ತಿರದಲ್ಲೇ ಇರಬೇಕು. ಕೀಲಿ ತಿರುಗಿಸಿ ಎಂಜಿನ್ ನಿಲ್ಲಿಸಿದಾಗ ಎಲ್ಲವೂ ಆರಿಹೋಗುವಂತೆ ರಿಲೇ (ವಿದ್ಯುತ್ತಿನಿಂದ ನಡೆಯುವ ಸ್ವಿಚ್) ಮೂಲಕ ಜೋಡಿಸಿದರೆ ಬೆಳಗಾಗುವಷ್ಟರಲ್ಲಿ ಬ್ಯಾಟರಿ ಬರಿದಾಗುವ ಭಯವಿಲ್ಲ.

ಫೋನನ್ನು ಹ್ಯಾಂಡಲಿಗೆ ಕಚ್ಚಿಸುವವರು ಕಂಪನ ತಡೆಯುವ ಮೌಂಟನ್ನೇ ಆರಿಸಿಕೊಳ್ಳಬೇಕು. ಮೋಟಾರ್‌ಸೈಕಲ್‌ನ ಬಲವಾದ ಎಂಜಿನ್ ಕಂಪನದಿಂದ ಫೋನಿನ ಕ್ಯಾಮೆರಾದ ಸ್ಥಿರೀಕರಣ ವ್ಯವಸ್ಥೆ ಹಾಳಾಗಬಹುದೆಂದು ಆ್ಯಪಲ್ ಕಂಪನಿ 2021ರಲ್ಲಿ ಬಳಕೆದಾರರನ್ನು ಎಚ್ಚರಿಸಿತ್ತು.

ಹೊಸದಾಗಿ ಹಾಕಿದ ಯಾವ ಪರಿಕರವನ್ನೂ ನೇರವಾಗಿ ದೂರದ ಪ್ರವಾಸಕ್ಕೆ ಒಯ್ಯಬೇಡಿ. ಹೊರಡುವ ದಿನದ ಸಾಮಾನನ್ನೆಲ್ಲ ಹೇರಿ, ಅರ್ಧ ದಿನದ ಸವಾರಿ ಮಾಡಿ ಬಂದು, ಎಂಜಿನ್ ತಣಿದ ಮೇಲೆ ರೈಸರ್, ಪ್ಯಾನಿಯರ್ ಫ್ರೇಮ್, ವಿಂಡ್‌ಸ್ಕ್ರೀನ್ ಮತ್ತು ಪೆಗ್ಗುಗಳ ಬೋಲ್ಟುಗಳನ್ನು ಟಾರ್ಕ್ ರೆಂಚಿನಿಂದ (ಬಿಗಿತವನ್ನು ಅಳೆದು ತಿರುಗಿಸುವ ಸ್ಪ್ಯಾನರ್) ಮತ್ತೊಮ್ಮೆ ಪರೀಕ್ಷಿಸಿ. ಹೊಸ ಬೋಲ್ಟುಗಳು ಸಡಿಲವಾಗುವುದು ಹೆಚ್ಚಾಗಿ ಈ ಮೊದಲ ಕೆಲವು ಗಂಟೆಗಳಲ್ಲಿ. ಪ್ರತಿ ಬೋಲ್ಟಿನ ತಲೆಯಿಂದ ಅದು ಕುಳಿತಿರುವ ಭಾಗದವರೆಗೆ ಬಣ್ಣದ ಒಂದು ಗೆರೆ ಎಳೆದಿಟ್ಟರೆ, ದಾರಿಯಲ್ಲಿ ಇಂಧನಕ್ಕೆ ನಿಂತಾಗಲೆಲ್ಲ ಸಡಿಲವಾಗಿದೆಯೇ ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ.